7 ಅಂದರೆ ಜುಲೈ ಅಂದುಕೊಂಡಿದ್ದೆ

ಕೆಜಿಎಫ್‌ನ ಮನೆಯಲ್ಲೇ ಕೂತು ಇಂಗ್ಲೆಂಡಿನ ಚರ್ಚುಗಳ ಹಳೇ ಮದುವೆ ರಿಜಿಸ್ಟರ್ ಓದಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. 1880ರಿಂದ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ನಡೆಸಿತಲ್ಲ, ಆಗ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯಿಂದ ಗಣಿ ಕೆಲಸ ಬಲ್ಲವರು ತುಂಬಾ ಜನ ಬಂದರು. ಅವರ ಮರಿಮಕ್ಕಳು ಈಗ ತಮ್ಮ ಮನೆತನದ ಬೇರು ಹುಡುಕುತ್ತಿದ್ದಾರೆ.

ಶುರುವಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. 1730ರ ದಶಕದ ಪುಟ. ಒಬ್ಬ ಹೆಂಗಸು ಅದರಲ್ಲಿ ಒಂದೇ ಒಂದು ಸಾಲು ಓದಿಕೊಡಿ ಅಂದಿದ್ದರು. ತಿಂಗಳ ಜಾಗದಲ್ಲಿ '7ಬರ್' ಅಂತಿತ್ತು. ಏಳನೇ ತಿಂಗಳು ತಾನೇ, ಜುಲೈ ಅಂತ ಹಾಕಿಬಿಟ್ಟೆ. ಆದರೆ ಆ ಗಂಡಿನ ಮೊದಲ ಹೆಂಡತಿ ತೀರಿಕೊಂಡಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ಹೆಂಡತಿ ಬದುಕಿರುವಾಗ ಚರ್ಚಿನಲ್ಲಿ ಇನ್ನೊಂದು ಮದುವೆ ಹೇಗಾಗುತ್ತೆ? ಇವನು ಅದೇ ಹೆಸರಿನ ಬೇರೆ ಯಾರೋ ಅಂತ ಅವರು ಕೈಬಿಟ್ಟರು. ಪಕ್ಕದ ಊರಿನ ಇನ್ಯಾವುದೋ ಮನೆತನದ ಹಿಂದೆ ಎಂಟು ತಿಂಗಳು ಸುತ್ತಿದರು.

ಅದೇ ಪಾದ್ರಿಯ ಇನ್ನೊಂದು ಪುಟ ನನ್ನ ಕೈಗೆ ಬಂದಾಗ ಎದೆ ಧಸಕ್ ಅಂತು. ಆಗಸ್ಟ್, ಅದರ ಕೆಳಗೆ 7ಬರ್, ಅದರ ಕೆಳಗೆ 8ಬರ್. 7ಬರ್ ಅಂದರೆ ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ 'ಸೆಪ್ಟೆಮ್' ಅಂದರೆ ಏಳು, ರೋಮನ್ನರ ಹಳೇ ಲೆಕ್ಕದಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್‌ನಲ್ಲಿ. ಹೆಚ್ಚುಕಡಿಮೆ ನಮ್ಮ ಯುಗಾದಿ ಹೊತ್ತಿಗೆ. ಇಂಗ್ಲೆಂಡಿನಲ್ಲೂ 1751ರವರೆಗೆ ಮಾರ್ಚ್ 25ಕ್ಕೇ ಹೊಸ ವರ್ಷ. ಹಾಗಾಗಿ 1740ರ ಮೇನಲ್ಲಿ ಮದುವೆ, 1740ರ ಫೆಬ್ರವರಿಯಲ್ಲಿ ಮಗುವಿನ ಜ್ಞಾನಸ್ನಾನ ಅಂತಿದ್ದರೆ ಆ ದಂಪತಿ ಬಗ್ಗೆ ತಪ್ಪು ತಿಳಿಯಬೇಡಿ. ಆ ಫೆಬ್ರವರಿ ಮದುವೆಯ ನಂತರದ್ದು, ನಮ್ಮ ಲೆಕ್ಕಕ್ಕೆ 1741.

ಈಗ ಒಂದು ಸಾಲು ಕೇಳಿದರೂ ಇಡೀ ಪುಟ ತರಿಸಿಕೊಳ್ಳುತ್ತೇನೆ. ಪ್ರತಿ ಸಾಲಲ್ಲೂ ಬರುವ ಪದಗಳಿಂದ ಆ ಪಾದ್ರಿಯ ಒಂದೊಂದು ಅಕ್ಷರವನ್ನೂ ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಎರಡು 'ಎಸ್' ಒಟ್ಟಿಗೆ ಬಂದರೆ ಮೊದಲನೆಯದನ್ನು 'ಎಫ್' ತರಹ ಉದ್ದ ಎಳೆಯುತ್ತಿದ್ದರು. 'ರಾಸ್' ಅನ್ನೋ ಮನೆತನ 'ರಾಫ್ಸ್' ಆಗಿ ಕಾಣುತ್ತೆ. ಹೆಸರಿನ ಸ್ಪೆಲಿಂಗ್ ಬೇರೆ ಇದ್ದರೆ ಗಾಬರಿ ಬೇಡ, ಜೋರಾಗಿ ಓದಿ ಕಿವಿಗೆ ಕೇಳಿಸಿಕೊಳ್ಳಿ. ನಮ್ಮ ಮುನಿಯಪ್ಪನವರ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುತ್ತೆ, ಅಲ್ವಾ?

ಆ ಹೆಂಗಸಿಗೆ ತಪ್ಪು ಒಪ್ಪಿಕೊಂಡು ಬರೆದು, ದುಡ್ಡು ವಾಪಸ್ ಕೊಡುತ್ತೇನೆ ಅಂದೆ. ಅವರು ದುಡ್ಡು ಬೇಡ ಅಂತ ಇನ್ನೂ ನಾಲ್ಕು ಪುಟ ಕಳಿಸಿದರು. ಒಂದರಲ್ಲಿ ಆ ಎರಡನೇ ಮದುವೆಯ ಮಗಳ ಮದುವೆ ಸಿಕ್ಕಿತು. 1754ರ ನಂತರದ್ದು, ಅಂದರೆ ಗಂಡು ಹೆಣ್ಣು ಇಬ್ಬರೂ ಸಹಿ ಹಾಕಲೇಬೇಕಾದ ಕಾಲದ್ದು. ಗಂಡು ಸಹಿ ಹಾಕಿದ್ದಾನೆ. ಅವಳು ಎರಡು ಗೆರೆ ಅಡ್ಡಡ್ಡ ಎಳೆದಿದ್ದಾಳೆ, ಒಂದು ಗೆರೆಯ ತುದಿಯಲ್ಲಿ ಶಾಯಿ ಹರಡಿದೆ. ಅದರ ಸುತ್ತ ಪಾದ್ರಿ ಅವಳ ಹೆಸರು ಬರೆದಿದ್ದಾರೆ. ಅದನ್ನು ನಾನು ಸಹಿ ಅಂತ ಟೈಪ್ ಮಾಡಲಿಲ್ಲ. ಅವಳ ಗುರುತು ಅಂತಲೇ ಹಾಕಿದೆ.