ರಿಪೋರ್ಟ್ ಒತ್ತಿದ ಮೇಲೆ

ಆನ್‌ಲೈನ್ ಶೂಟಿಂಗ್ ಆಟದಲ್ಲಿ ಗುಂಡು ತಿಂದು ಸತ್ತ ಮಂಡ್ಯದ ಹುಡುಗನೊಬ್ಬ "ಹ್ಯಾಕ್ ಹಾಕವ್ನೆ ಕಣ್ಲಾ" ಅಂತ ಎದುರಾಳಿಯ ಮೇಲೆ ರಿಪೋರ್ಟ್ ಒತ್ತಿದಾಗ ಆಟ ನಡೆಸುವ ನಿಮ್ಮ ಸರ್ವರ್‌ಗೆ ಗೊತ್ತಾಗುವುದು ಇಷ್ಟೇ: ಯಾರೋ ಸತ್ತರು, ಅವರಿಗೆ ಸಿಟ್ಟು ಬಂದಿದೆ.

ಲೆಕ್ಕ ಹಾಕಿ. 1000 ಆಟಗಾರರಲ್ಲಿ 10 ಮಂದಿ ಚೀಟರ್‌ಗಳು, ಅವರಲ್ಲಿ 8 ಮಂದಿಯ ಮೇಲೆ ರಿಪೋರ್ಟ್ ಬಿತ್ತು ಎಂದುಕೊಳ್ಳಿ. ಉಳಿದ 990 ಮಂದಿಯಲ್ಲಿ ಶೇ. 5ರಷ್ಟು, ಅಂದರೆ ಸುಮಾರು 50 ಜನ, ಚೆನ್ನಾಗಿ ಆಡಿದ್ದಕ್ಕೇ ರಿಪೋರ್ಟ್ ತಿಂದರು. 58ರಲ್ಲಿ ನಿಜವಾದದ್ದು 8. ಹಾಗಾಗಿ "ಇಷ್ಟು ರಿಪೋರ್ಟ್ ಬಂದರೆ ಬ್ಯಾನ್" ಅನ್ನುವ ನಿಯಮ ಬರೆಯಲೇಬೇಡಿ. ಯಾವ ಮ್ಯಾಚಿನ ಯಾವ ಕ್ಷಣ ನೋಡಬೇಕು ಎಂದು ತೋರಿಸಿದರೆ ರಿಪೋರ್ಟಿನ ಕೆಲಸ ಮುಗಿಯಿತು.

ರಿಪೋರ್ಟ್ ಬಟನ್ ಕಿಲ್‌ಕ್ಯಾಮ್‌ನಲ್ಲೇ (ಸತ್ತ ಮೇಲೆ ಕೊಂದವನ ಕಣ್ಣಿನಿಂದ ತೋರಿಸುವ ದೃಶ್ಯದಲ್ಲೇ) ಇರಲಿ. ಮ್ಯಾಚ್ ಐಡಿ, ಸರ್ವರ್ ಟಿಕ್ (ಸರ್ವರ್ ಆಟವನ್ನು ಲೆಕ್ಕ ಹಾಕುವ ಒಂದೊಂದು ಹೆಜ್ಜೆ), ಇಬ್ಬರ ಪಿಂಗ್ (ಸರ್ವರ್‌ಗೆ ಹೋಗಿಬರಲು ಡೇಟಾಗೆ ಹಿಡಿಯುವ ಮಿಲಿಸೆಕೆಂಡ್), ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋದ ಡೇಟಾ) ತಾವಾಗಿಯೇ ಸೇರಿಕೊಳ್ಳಲಿ. ಸೆಕೆಂಡಿಗೆ 64 ಟಿಕ್ ಹಾಕುವ ಸರ್ವರ್‌ನಲ್ಲಿ ಒಂದು ಟಿಕ್ ಎಂದರೆ 15.6 ಮಿಲಿಸೆಕೆಂಡ್. ಎದುರಾಳಿಯ ಪಿಂಗ್ 80 ಇದ್ದರೆ ನೀವು ಗೋಡೆಯ ಮರೆಗೆ ಸರಿದ ಮೇಲೂ ಅವನ ಗುಂಡು ತಾಗಬಹುದು. ಅದು ಲ್ಯಾಗ್ ಕಾಂಪೆನ್ಸೇಷನ್ (ಗುಂಡು ಹಾರಿಸುವಾಗ ಅವನ ಪರದೆಯಲ್ಲಿ ಕಂಡದ್ದನ್ನೇ ಸರ್ವರ್ ಲೆಕ್ಕಕ್ಕೆ ತೆಗೆದುಕೊಳ್ಳುವುದು), ಹ್ಯಾಕ್ ಅಲ್ಲ. ಪಿಂಗ್ ದಾಖಲಾಗದಿದ್ದರೆ ಈ ಎರಡನ್ನೂ ಬೇರ್ಪಡಿಸಲಾಗದು. ರಿಪೋರ್ಟ್ ಆದ ಮ್ಯಾಚಿನ ರೀಪ್ಲೇಯನ್ನು ಬೇರೆಡೆ ಎತ್ತಿಡಿ, ಇಲ್ಲದಿದ್ದರೆ ಪರಿಶೀಲನೆಯ ಸರದಿ ಬರುವಷ್ಟರಲ್ಲಿ ಫೈಲೇ ಅಳಿಸಿಹೋಗಿರುತ್ತದೆ.

ಎಲ್ಲರ ಮಾತಿಗೂ ಒಂದೇ ತೂಕ ಬೇಡ. ಸರಳ ಸೂತ್ರ: ಸರಿಯಾದ ರಿಪೋರ್ಟುಗಳಿಗೆ 1 ಕೂಡಿಸಿ, ಪರಿಶೀಲನೆಯಾದ ಒಟ್ಟು ರಿಪೋರ್ಟುಗಳಿಗೆ 6 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಹೊಸಬನಿಗೆ 0.17, ಹತ್ತರಲ್ಲಿ 8 ಸರಿ ಹೇಳಿದವನಿಗೆ 0.56, ಇಪ್ಪತ್ತು ಸಲ ಸುಮ್ಮನೆ ಒತ್ತಿದವನಿಗೆ 0.04. ಒಂದೇ ಸ್ಕ್ವಾಡ್‌ನ ನಾಲ್ವರು ಸೇರಿ ಒತ್ತಿದರೆ ಅದು ಒಂದೇ ದೂರು. ಆದರೆ ಗುಂಪನ್ನು ಐಪಿ ವಿಳಾಸದಿಂದ ಗುರುತಿಸಲು ಹೋಗಬೇಡಿ: ಸರಸ್ವತಿಪುರಂನ ಒಂದು ಪಿಜಿಯಲ್ಲಿ ಪರಸ್ಪರ ಪರಿಚಯವೇ ಇಲ್ಲದ ಹತ್ತು ಮಂದಿ ಒಂದೇ ವೈಫೈನಲ್ಲಿ ಆಡುತ್ತಿರುತ್ತಾರೆ.

ಪರಿಶೀಲನೆಗೆ ವಾಲ್ವ್ ಕಂಪನಿ 2013ರಲ್ಲಿ ತನ್ನ ಕೌಂಟರ್-ಸ್ಟ್ರೈಕ್ ಆಟಕ್ಕೆ ತಂದ ಓವರ್‌ವಾಚ್ ಎಂಬ ಪರಿಶೀಲನಾ ವ್ಯವಸ್ಥೆ ಇನ್ನೂ ಒಳ್ಳೆಯ ಮಾದರಿ. ಅನುಭವಿ ಆಟಗಾರರಿಗೆ ಎಂಟು ಸುತ್ತಿನ ರೀಪ್ಲೇ ಸಿಗುತ್ತಿತ್ತು, ಶಂಕಿತನ ಹೆಸರು ಕಾಣುತ್ತಿರಲಿಲ್ಲ. ರಿಪೋರ್ಟುಗಳ ಸಂಖ್ಯೆಯನ್ನೂ ಮುಚ್ಚಿಡಿ, ಮೂವರು ಪ್ರತ್ಯೇಕವಾಗಿ ನೋಡಲಿ, ಉತ್ತರ ಮೊದಲೇ ಗೊತ್ತಿರುವ ಕೆಲವು ಕೇಸುಗಳನ್ನು ನಡುವೆ ಸೇರಿಸಿ ಅವರ ನಿಖರತೆ ಅಳೆಯಿರಿ. ಗೋಡೆಯಾಚೆಯವರನ್ನು ತೋರಿಸುವ ಎಕ್ಸ್-ರೇ ನೋಟ ಮೊದಲ ಸಲ ಬೇಡವೇ ಬೇಡ. ಅದನ್ನು ಹಾಕಿದರೆ ಎಲ್ಲರ ಕ್ರಾಸ್‌ಹೇರೂ (ಬಂದೂಕಿನ ಗುರಿಗುರುತು) ಶತ್ರುವನ್ನೇ ಹಿಂಬಾಲಿಸಿದಂತೆ ಕಾಣುತ್ತದೆ. ಹೆಜ್ಜೆ ಸದ್ದು ಕೇಳಿ ತಿರುಗಿದನೇ, ಗೆಳೆಯ ಕೂಗಿ ಹೇಳಿದನೇ ಎಂದು ಮೊದಲು ನೋಡಬೇಕು.

ರಿಪೋರ್ಟ್ ಮಾಡಿದವನಿಗೆ ಉತ್ತರ ಕೊಡಿ, ಆದರೆ ತಕ್ಷಣ ಅಲ್ಲ. ತಕ್ಷಣ ಕೊಟ್ಟರೆ ಚೀಟ್ ಮಾರುವವನು ತನ್ನದೇ ನಕಲಿ ಖಾತೆಯನ್ನು ರಿಪೋರ್ಟ್ ಮಾಡಿ, ಯಾವ ಆವೃತ್ತಿ ಸಿಕ್ಕಿಬೀಳುತ್ತದೆ ಎಂದು ನಿಮ್ಮ ಸರ್ವರ್‌ನಲ್ಲೇ ಪರೀಕ್ಷಿಸಿಕೊಳ್ಳುತ್ತಾನೆ. ಬ್ಯಾನ್‌ಗಳನ್ನು ಕೂಡಿಟ್ಟು ಒಟ್ಟಿಗೆ ಬಿಡಿ. ಮಿತಿಮೀರಿದ ವೇಗದಲ್ಲಿ ಓಡಿಸುವ ಸ್ಪೀಡ್‌ಹ್ಯಾಕ್ ಮಾತ್ರ ಬೇರೆ. ಅದನ್ನು ಸರ್ವರ್ ತಾನೇ ಅಳೆಯಬಲ್ಲದು, ರಿಪೋರ್ಟಿಗೆ ಕಾಯುವ ಅಗತ್ಯವೂ ಇಲ್ಲ.