ಕುತ್ತಿಗೆ ಅಳೆಯುವವನ ಮೂಗಿಗೆ ಗೊತ್ತಾಗಿದ್ದು

ಹೋದ ವಾರ ಮದುವೆ ಗಂಡೊಬ್ಬ ಕೋಟು ಹೊಲಿಸೋಕೆ ಬಂದಿದ್ದ. ಚಿಂತಾಮಣಿ ಕಡೆಯ ಹುಡುಗ, ಕೆಲಸ ಬೆಂಗಳೂರಲ್ಲಿ. ಕುತ್ತಿಗೆಗೆ ಟೇಪು ಸುತ್ತೋಣ ಅಂತ ಹತ್ತಿರ ಹೋದರೆ ಸೆಂಟಿನ ಘಾಟು ಗಂಟಲಿಗಿಳಿದು ಕಣ್ಣಲ್ಲಿ ನೀರು ಬಂತು. ಹದಿನೈದೂವರೆ ಇಂಚು ಅಂತ ಬರೆದುಕೊಳ್ಳುತ್ತಿದ್ದಾಗ ಅವನೇ ಕೇಳಿದ: "ಅಣ್ಣಾ, ನಿಮ್ಮತ್ರ ಎಷ್ಟೋ ಜನ ಬರ್ತಾರೆ, ಅದ್ಕೆ ಕೇಳ್ತಿದೀನಿ. ಮೂರೂವರೆ ಸಾವಿರ ಕೊಟ್ಟು ಸೆಂಟು ತಗೊಂಡೆ. ಹಾಕ್ಕೊಂಡ ಒಂದು ಗಂಟೆಗೇ ಹೋಗ್ಬಿಡುತ್ತೆ. ಡೂಪ್ಲಿಕೇಟ್ ಇರ್ಬೋದಾ?"

ಹೋಗಿರಲಿಲ್ಲ. ಅವನು ಬೈಕ್ ಹತ್ತಿ ಹೋದ ಮೇಲೂ ನನ್ನ ಟೇಪಿನಲ್ಲಿ ಅದು ಸಂಜೆ ಬಾಗಿಲು ಹಾಕುವವರೆಗೂ ಇತ್ತು. ಹೋಗಿದ್ದು ಅವನ ಮೂಗಿಗೆ ಮಾತ್ರ.

ಚಿಕ್ಕಬಳ್ಳಾಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಗಂಡಸರ ಬಟ್ಟೆ ಹೊಲಿಯುತ್ತಿದ್ದೇನೆ. ದಿನಕ್ಕೆ ಹತ್ತು ಜನರ ಕುತ್ತಿಗೆ, ಕಂಕುಳು, ಎದೆ ಅಳೆಯುವವನಿಗೆ ಯಾರು ಏನು ಹಾಕಿಕೊಂಡು ಬಂದಿದ್ದಾರೆ, ಯಾವಾಗ ಹಾಕಿಕೊಂಡಿದ್ದಾರೆ, ಸ್ನಾನ ಮಾಡಿ ಹಾಕಿಕೊಂಡರಾ ಮಾಡದೆಯೇ ಹಾಕಿಕೊಂಡರಾ, ಎಲ್ಲವೂ ಗೊತ್ತಾಗುತ್ತದೆ. ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಪುರುಸೊತ್ತಿರಲಿಲ್ಲ, ಅರ್ಧ ಮಾತ್ರ ಹೇಳೋಕಾಯಿತು.

ಮೂಗು ಬೇಗ ಮರೆಯುತ್ತದೆ. ಇದು ನನಗೆ ಹುಟ್ಟಿದ ಮನೆಯಲ್ಲೇ ಆದ ಪಾಠ. ನನ್ನೂರು ಶಿಡ್ಲಘಟ್ಟ, ಅಪ್ಪ ರೇಷ್ಮೆ ರೀಲರ್. ಮನೆ ಹಿಂದೆಯೇ ನೂಲು ಬಿಚ್ಚುವ ಶೆಡ್ಡು. ಗೂಡು ಬೇಯುವ ಬಿಸಿನೀರಿನ ಹಬೆ, ನೂಲು ಬಿಚ್ಚಿ ಮುಗಿದ ಮೇಲೆ ಬುಟ್ಟಿಯಲ್ಲಿ ಉಳಿಯುವ ಬೆಂದ ಹುಳು, ಅದು ಬಿಸಿಲಲ್ಲಿ ಒಣಗುವಾಗಿನ ಕಮಟು. ರೇಷ್ಮೆ ಬಿಚ್ಚುವ ಬೀದಿಗೆ ಹೊಸಬರು ಬಂದರೆ ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನಮಗೆ ಅಂಥದ್ದೊಂದು ವಾಸನೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದ್ದು ಹದಿನೇಳನೇ ವಯಸ್ಸಿನಲ್ಲಿ, ಚಿಕ್ಕಬಳ್ಳಾಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಲು ಶುರು ಮಾಡಿದಾಗ. ಬೆಳಿಗ್ಗೆ ಶೆಡ್ಡಿನಲ್ಲಿ ಅಪ್ಪನಿಗೆ ಕೈಜೋಡಿಸಿ ಹಾಗೇ ಬಸ್ಸು ಹತ್ತುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಆಮೇಲೆ ಎದ್ದು, ಸೀಟಿಲ್ಲದಿದ್ದರೂ ಹಿಂದೆ ಹೋಗಿ ನಿಂತರು. ಏನೂ ಅನ್ನಲಿಲ್ಲ. ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ಅವತ್ತೇ ಒಂದು ಡಿಯೋ ಕೊಂಡೆ. ದಿನಾ ಅಂಗಿಯ ಮೇಲೆ, ಒಳಗೆ, ತಲೆಗೂದಲಿಗೂ ಹೊಡೆದುಕೊಂಡೆ. ಕಮಟಿನ ಮೇಲೆ ಸಿಹಿ ಬಿದ್ದು ಅದು ಇನ್ನೂ ಕೆಟ್ಟದಾಯಿತು. ನನಗೆ ಅದೂ ಗೊತ್ತಾಗುತ್ತಿರಲಿಲ್ಲ.

ದಾರಿ ತೋರಿಸಿದವರು ಶುಕ್ರವಾರ ನಮಾಜಿನ ಹೊತ್ತಿಗೆ ಮಸೀದಿ ಮುಂದೆ ಮರದ ಪೆಟ್ಟಿಗೆ ಬಿಚ್ಚಿ ಅತ್ತರು ಮಾರುತ್ತಿದ್ದ ಒಬ್ಬ ಚಾಚಾ. ನಮ್ಮಪ್ಪನಿಗೂ ಪರಿಚಯ. ಅತ್ತರು ಕೇಳಿದರೆ ಕೊಡಲಿಲ್ಲ. "ನಾತದ ಮೇಲೆ ಖುಷ್ಬೂ ಕೂರಲ್ಲ ಬೇಟಾ. ಮೊದ್ಲು ತಿಕ್ಕಿ ಸ್ನಾನ ಮಾಡ್ಕಂಡು, ಒಗೆದಿರೋ ಬಟ್ಟೆ ಹಾಕ್ಕಂಡು ಬಾ" ಅಂದರು. ಮುಂದಿನ ಶುಕ್ರವಾರ ಹಾಗೇ ಹೋದೆ. ನನ್ನ ಮುಂಗೈ ಹಿಡಿದು ತಮ್ಮ ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಒಂದು ಗೆರೆ ಎಳೆದರು. ಸ್ಲೇಟಿನ ಮೇಲೆ ಬಳಪದಲ್ಲಿ ಎಳೆದ ಹಾಗೆ ಬಿಳಿ ಗೆರೆ ಮೂಡಿತು. "ನೋಡು, ಮಳೆ ಕಾಣದ ಹೊಲ ಇದ್ದಂಗೈತೆ. ಇದರ ಮೇಲೆ ಏನು ಹಾಕಿದ್ರೂ ನಿಲ್ಲಲ್ಲ." ಪೆಟ್ಟಿಗೆಯಿಂದ ಒಂದು ಸಣ್ಣ ಶೀಶೆ ತೆಗೆದು, ವಾಸನೆಯೇ ಇಲ್ಲದ ಎಣ್ಣೆಯನ್ನು ಒಂದು ಹನಿ ಆ ಗೆರೆಯ ಮೇಲೆ ಸವರಿದರು. ಅದು ಇಂಗುವ ತನಕ ಇನ್ನಿಬ್ಬರು ಗಿರಾಕಿಗಳನ್ನು ಕಳಿಸಿದರು. ಆಮೇಲೆ ಗಾಜಿನ ಕಡ್ಡಿಯ ತುದಿಯನ್ನು ಅತ್ತರಲ್ಲಿ ಅದ್ದಿ, ಶೀಶೆಯ ಬಾಯಿಗೆ ಒರೆಸಿ, ಉಳಿದಷ್ಟನ್ನು ಮಾತ್ರ ಮುಟ್ಟಿಸಿದರು. ರಾತ್ರಿ ಮಲಗುವಾಗ ಕೈ ಮುಖದ ಹತ್ತಿರ ಬಂದಾಗಲೂ ಅದು ಅಲ್ಲಿಯೇ ಇತ್ತು.

ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಬಿಳಿ ಗೆರೆಯಲ್ಲೇ ಇದೆ. ನಮ್ಮದು ಬಯಲುಸೀಮೆ. ಗಾಳಿ ಒಣ, ಚಳಿಗಾಲದಲ್ಲಂತೂ ಮೊಣಕೈ, ಮೀನಖಂಡ ಬಿರಿಯುತ್ತವೆ. ಒಣ ಚರ್ಮದಿಂದ ಪರಿಮಳ ಬೇಗ ಹಾರಿಹೋಗುತ್ತದೆ. ಜಿಡ್ಡಿನ ಅಂಶವಿದ್ದರೆ ಅದನ್ನು ಹಿಡಿದು, ನಿಧಾನವಾಗಿ ಬಿಡುತ್ತದೆ. ಹಾಗಾಗಿ ಸ್ನಾನವಾಗಿ ಮೈ ಒರೆಸಿದ ಕೂಡಲೇ, ಚರ್ಮ ಇನ್ನೂ ಸ್ವಲ್ಪ ಹಸಿ ಇರುವಾಗಲೇ, ಕುತ್ತಿಗೆಯ ಅಕ್ಕಪಕ್ಕ, ಎದೆ, ಮೊಣಕೈಯ ಒಳಮಡಿಕೆಗೆ ಸುವಾಸನೆಯಿಲ್ಲದ ಲೋಷನ್ನೋ ಸ್ವಲ್ಪ ವ್ಯಾಸಲೀನೋ ಸವರಿ. ಕೊಬ್ಬರಿ ಎಣ್ಣೆಯೂ ಆದೀತು, ಆದರೆ ಅದರ ವಾಸನೆ ಸೆಂಟಿನ ಜೊತೆ ಬೆರೆಯುತ್ತದೆ, ಕಾಲರಿಗೂ ಹತ್ತುತ್ತದೆ. ಐದು ನಿಮಿಷ ಬಿಟ್ಟು, ಆರೇಳು ಇಂಚು ದೂರದಿಂದ ಸ್ಪ್ರೇ ಮಾಡಿ. ಎದೆಗೊಂದು, ಕುತ್ತಿಗೆಯ ಹಿಂಭಾಗಕ್ಕೊಂದು, ಬೇಕಿದ್ದರೆ ಮೊಣಕೈ ಮಡಿಕೆಗೆ ಒಂದೊಂದು. ಒಣಗಿದ ಮೇಲೆಯೇ ಅಂಗಿ ಹಾಕಿ. ಮೈ ಬೆಚ್ಚಗಿರುವ ಜಾಗವಾದ್ದರಿಂದ ಪರಿಮಳ ತಾನಾಗಿ ಮೇಲೇಳುತ್ತದೆ.

ಎರಡು ಮಣಿಕಟ್ಟು ಸೇರಿಸಿ ತಿಕ್ಕುವುದನ್ನು ಬಹಳ ಜನ ಮಾಡುತ್ತಾರೆ. ತಿಕ್ಕಿದ ಬಿಸಿಗೆ ಮೊದಲ ಪರಿಮಳ ಬೇಗ ಹಾರುತ್ತದೆ, ಲಾಭವೇನೂ ಇಲ್ಲ. ಮಣಿಕಟ್ಟನ್ನು ನಾವು ಹತ್ತು ಸಲ ತೊಳೆಯುತ್ತೇವೆ ಕೂಡ, ಹಾಗಾಗಿ ನಾನು ಅಲ್ಲಿಗೆ ಹಾಕುವುದೇ ಇಲ್ಲ. ಕಂಕುಳಿಗೆ ಸೆಂಟು ಬೇಡವೇ ಬೇಡ. ಅಲ್ಲಿಗೆ ಬೇಕಾದ್ದು ಡಿಯೋ, ಅಥವಾ ಬೆವರನ್ನೇ ತಡೆಯುವ ರೋಲ್ ಆನ್. ಅದನ್ನು ರಾತ್ರಿ ಮಲಗುವ ಮುಂಚೆ ಒಣಗಿದ ಕಂಕುಳಿಗೆ ಹಚ್ಚಿದರೆ ಹೆಚ್ಚು ಕೆಲಸ ಮಾಡುತ್ತದೆ. ಈಗಷ್ಟೇ ಶೇವ್ ಮಾಡಿದ ಕೆನ್ನೆ, ಗದ್ದಕ್ಕೂ ಬೇಡ, ಉರಿಯುತ್ತದೆ.

ಹಾಕಿಕೊಂಡ ಪರಿಮಳ ದಿನವಿಡೀ ಒಂದೇ ಥರ ಇರುವುದಿಲ್ಲ. ನಿಂಬೆ, ಕಿತ್ತಳೆ ಜಾತಿಯದು ಮೊದಲು ಬರುತ್ತದೆ, ಹದಿನೈದಿಪ್ಪತ್ತು ನಿಮಿಷಕ್ಕೆ ಹೋಗುತ್ತದೆ. ಆಮೇಲೆ ಹೂವು, ಮಸಾಲೆಯ ಪರಿಮಳ. ಕೊನೆಗೆ ಉಳಿಯುವುದು ಗಂಧ, ಕಸ್ತೂರಿ, ಲಾವಂಚ, ವೆನಿಲ್ಲಾದಂಥ ತೂಕದವು. ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹೊಡೆದು ಎರಡೇ ನಿಮಿಷದಲ್ಲಿ ದುಡ್ಡು ಎಣಿಸಬೇಡಿ. ಕೈಗೆ ಹಾಕಿಸಿಕೊಂಡು, ಒಂದು ಕಾಫಿ ಕುಡಿದು, ಒಂದು ಸುತ್ತು ಹೊಡೆದು ಬನ್ನಿ. ನಿಮ್ಮ ಜೊತೆ ಸಂಜೆವರೆಗೆ ಇರುವುದು ಆ ಕೊನೆಯ ಪರಿಮಳ.

ಬಾಟಲಿಯ ಮೇಲಿನ ಅಕ್ಷರವನ್ನೂ ಓದಿ. ಕಲೋನ್ ಅಂತಿದ್ದರೆ ಅದರಲ್ಲಿ ಸುಗಂಧದ ಎಣ್ಣೆ ಸುಮಾರು ಶೇ. 2ರಿಂದ 4, ಇಡಿಟಿ (ಓ ದ ಟ್ವಾಲೆಟ್) ಅಂತಿದ್ದರೆ ಶೇ. 5ರಿಂದ 15, ಇಡಿಪಿ (ಓ ದ ಪರ್ಫ್ಯೂಮ್) ಆದರೆ ಶೇ. 15ರಿಂದ 20. ಉಳಿದದ್ದು ಬಹುಪಾಲು ಆಲ್ಕೋಹಾಲ್. ಜರ್ಮನಿಯ ಕಲೋನ್ ಊರಲ್ಲಿ 1709ರಲ್ಲಿ ಫರೀನಾ ಮನೆತನ ಅಂಗಡಿ ತೆರೆದು ಆ ನಿಂಬೆ, ಕಿತ್ತಳೆ ಪರಿಮಳದ ನೀರು ಮಾರತೊಡಗಿತು. ಅದು ಇರುವುದೇ ತಂಪಿಗೆ, ತಾಜಾತನಕ್ಕೆ. ಅದು ಸಂಜೆವರೆಗೆ ನಿಲ್ಲಲಿಲ್ಲ ಅಂತ ಬೇಜಾರಾಗುವುದರಲ್ಲಿ ಅರ್ಥವಿಲ್ಲ.

ಗಂಧದ ವಿಷಯಕ್ಕೆ ಬಂದರೆ ನನಗೆ ಹೆಮ್ಮೆ ಜಾಸ್ತಿ. ಮೊದಲ ಮಹಾಯುದ್ಧದಲ್ಲಿ ಮೈಸೂರು ಸೀಮೆಯ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ಇಲ್ಲೇ ಎಣ್ಣೆ ತೆಗೆಯುವ ಕೆಲಸ 1916ರಲ್ಲಿ ಶುರುವಾಯಿತು. ಆಗ ದಿವಾನರಾಗಿದ್ದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಗಂಧದೆಣ್ಣೆ ನಿಧಾನಕ್ಕೆ ಆರುತ್ತದೆ, ತನ್ನ ಜೊತೆಗಿರುವ ಹಗುರ ಪರಿಮಳವನ್ನೂ ಹಿಡಿದಿಡುತ್ತದೆ. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನ್ನೌಜಿನವರು ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಆ ಹಬೆಯನ್ನು ಗಂಧದೆಣ್ಣೆಗೇ ಇಳಿಸುತ್ತಿದ್ದದ್ದು ಅದಕ್ಕೇ. ಈಗ ಗಂಧದ ಬೆಲೆ ಏರಿ ಎಷ್ಟೋ ಅತ್ತರಿಗೆ ಪ್ಯಾರಾಫಿನ್ ಎಣ್ಣೆ ಬಳಸುತ್ತಾರೆ. ನಾನು ಗಂಧದ ಸೋಪಿನಲ್ಲಿ ಸ್ನಾನ ಮಾಡಿ, ಮೇಲೆ ಗಂಧ ಅಥವಾ ಲಾವಂಚದ ಅತ್ತರು ಹಾಕುತ್ತೇನೆ. ಸೋಪು ಒಂದು ಕಡೆ, ಪೌಡರು ಒಂದು ಕಡೆ, ಸೆಂಟು ಇನ್ನೊಂದು ಕಡೆ ಎಳೆದರೆ ಯಾವ ಪರಿಮಳವೂ ನೆಟ್ಟಗೆ ಗೊತ್ತಾಗುವುದಿಲ್ಲ. ಬೇಸಿಗೆಗೆ ಲಾವಂಚವೇ ಸೈ. ಅದೇ ಕನ್ನೌಜಿನಲ್ಲಿ ಸುಟ್ಟ ಮಣ್ಣಿನಿಂದ ತೆಗೆಯುವ ಮಿಟ್ಟಿ ಅತ್ತರು ಅಂತ ಒಂದಿದೆ, ಮೊದಲ ಮಳೆ ಬಿದ್ದ ನೆಲದ ಪರಿಮಳ. ಚಾಚಾ ಅದನ್ನು ಒಮ್ಮೆ ಮೂಸಲು ಕೊಟ್ಟಿದ್ದರು. ಕೆರೆ ಬತ್ತಿ ಬಿರುಕು ಬಿಟ್ಟಿದ್ದ ವರ್ಷ ಅದು, ಅಪ್ಪನೂ ಪಕ್ಕದಲ್ಲಿದ್ದರು. ಅವರು ಶೀಶೆಯನ್ನು ವಾಪಸ್ ಕೊಡಲು ಬಹಳ ಹೊತ್ತು ಮಾಡಿದರು.

ಇನ್ನು ನನ್ನ ಕಸುಬಿನ ಮಾತು, ಬಟ್ಟೆ. ಬಟ್ಟೆಯ ಮೇಲೆ ಪರಿಮಳ ಚರ್ಮಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಯಾಕೆಂದರೆ ಮೈಯ ಬಿಸಿ ಅಷ್ಟಾಗಿ ತಾಗುವುದಿಲ್ಲ. ಹತ್ತಿ ಬನಿಯನ್ನಿಗೋ ಕರ್ಚೀಫಿಗೋ ಒಂದು ಸ್ಪ್ರೇ ಹೊಡೆದುಕೊಂಡರೆ ಸಂಜೆಗೂ ಇರುತ್ತದೆ. ರೇಷ್ಮೆಗೆ ಮಾತ್ರ ಮುಟ್ಟಿಸಬೇಡಿ. ನನ್ನ ತಮ್ಮನ ಮದುವೆಯಲ್ಲಿ ಗಡಿಬಿಡಿಯಲ್ಲಿ ಅವನ ರೇಷ್ಮೆ ಅಂಗಿಯ ಎದೆಗೆ ನಾನೇ ಸೆಂಟು ಹೊಡೆದೆ. ಒಣಗಿದ ಮೇಲೆ ಎಂಟಾಣೆ ಅಗಲದ ಉಂಗುರದಂಥ ಕಲೆ ಉಳಿಯಿತು. ಅಪ್ಪ ಅದನ್ನು ಬೆರಳಲ್ಲಿ ಸವರಿ ನೋಡಿದರು, ಏನೂ ಅನ್ನಲಿಲ್ಲ. ಒಂದು ಅಂಗಿಯಷ್ಟು ನೂಲಿಗೆ ಎಷ್ಟು ಗೂಡು ಬಿಚ್ಚಬೇಕು ಅಂತ ಅವರಿಗೆ ಗೊತ್ತು, ನನಗೂ ಗೊತ್ತು. ಆ ಅಂಗಿ ಈಗಲೂ ಬೀರುವಿನಲ್ಲಿದೆ. ಅತ್ತರು ಬಿಳಿ ಅಂಗಿಗೂ ಕಲೆ ಮಾಡುತ್ತದೆ. ತಿಂಗಳುಗಟ್ಟಲೆ ಕಾಲರಿಗೆ ಸೆಂಟು ಹೊಡೆದು ಹಳದಿ ಪಟ್ಟಿ ಬಂದ ಅಂಗಿಗಳು ಕಾಲರ್ ಬದಲಾಯಿಸೋಕೆ ಅಂತಲೇ ನನ್ನ ಹತ್ತಿರ ಬರುತ್ತವೆ.

ಬಾಟಲಿಯನ್ನು ಬಚ್ಚಲುಮನೆಯಲ್ಲಿ, ಕಿಟಕಿ ಬಿಸಿಲಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಬಿಸಿಯೂ ಬೆಳಕೂ ಪರಿಮಳವನ್ನು ಕೆಡಿಸುತ್ತವೆ. ಡಬ್ಬಿಯಲ್ಲೇ ಇಟ್ಟು ಬೀರುವಿನೊಳಗೆ ಇಡಿ.

ಮತ್ತೆ ಆ ಮೂಗಿನ ವಿಷಯ. ಒಂದು ಗಂಟೆಗೆ ನಿಮಗೆ ಪರಿಮಳ ಗೊತ್ತಾಗದೇ ಹೋದರೆ ಮತ್ತೆ ಹೊಡೆಯಬೇಡಿ. ಮನೆಯಲ್ಲಿ ಹೆಂಡತಿಯನ್ನೋ ತಂಗಿಯನ್ನೋ ಕೇಳಿ, "ಬರ್ತಿದೆಯಾ?" ಅಂತ. ನನಗೆ ಅದನ್ನು ಹೇಳುವುದು ನನ್ನ ಮಗಳು. ಬಾಗಿಲಲ್ಲಿ ನಿಂತೇ ಮೂಸಿ ನೋಡಿ, ಹತ್ತಿರ ಬಂದಾಗ ಮಾತ್ರ ಬಂದರೆ ತಲೆ ಆಡಿಸುತ್ತಾಳೆ. ಬಾಗಿಲವರೆಗೆ ಬಂದರೆ "ಅಪ್ಪಾ, ಒರೆಸ್ಕೋ" ಅನ್ನುತ್ತಾಳೆ. ಒರೆಸಿಕೊಳ್ಳುತ್ತೇನೆ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಪಕ್ಕ ಕೂತವರಿಗೆ ಎದ್ದು ಹೋಗಲು ಬೇರೆ ಸೀಟಿರುವುದಿಲ್ಲ.

ಮದುವೆ ಗಂಡು ಮೊನ್ನೆ ಟ್ರಯಲ್‌ಗೆ ಬಂದಿದ್ದ. ಬಾಟಲಿಯನ್ನೂ ತಂದಿದ್ದ, ಅಸಲಿಯೇ, ಇಡಿಟಿ. ಆರತಕ್ಷತೆ ರಾತ್ರಿ, ಕೋಟು. ಮುಹೂರ್ತ ಬೆಳಿಗ್ಗೆ, ರೇಷ್ಮೆ ಪಂಚೆ, ಶಲ್ಯ. ಮುಹೂರ್ತಕ್ಕೆ ಸ್ಪ್ರೇ ಬೇಡ, ಹೋಮದ ಬೆಂಕಿ ಮುಂದೆ ಕೂರೋದು, ಅದರಲ್ಲಿ ಆಲ್ಕೋಹಾಲ್ ಇರುತ್ತೆ, ಜೊತೆಗೆ ಕೊರಳಲ್ಲಿ ಹಾರದ ಪರಿಮಳವೇ ಸಾಕಷ್ಟಿರುತ್ತೆ ಅಂದೆ. ಕಿವಿ ಹಿಂದೆ ಒಂದು ಚುಕ್ಕೆ ಗಂಧದ ಅತ್ತರು, ಅಷ್ಟೇ. ಕೋಟಿಗೆ ಒಂದು ಕೆಲಸ ಮಾಡಿಕೊಟ್ಟಿದ್ದೇನೆ: ಎಡಗಡೆ ಒಳಜೇಬಿನ ಹಿಂದೆ, ಅಸ್ತರಿಗೆ ಎರಡಿಂಚು ಚೌಕದ ಬಿಳಿ ಮಲ್ ಬಟ್ಟೆಯನ್ನು ಮೂರು ಕಡೆ ಕಚ್ಚಾ ಹೊಲಿಗೆ ಹಾಕಿ ಕೂರಿಸಿದೆ. ಸೆಂಟನ್ನು ಅದಕ್ಕೆ ಒಂದೇ ಸಲ ಹೊಡೆಯಬೇಕು, ಕೋಟು ಹಾಕಿಕೊಳ್ಳುವ ಅರ್ಧ ಗಂಟೆ ಮುಂಚೆ. ಮದುವೆ ಮುಗಿದ ಮೇಲೆ ದಾರ ಎಳೆದರೆ ಬಟ್ಟೆ ಈಚೆ ಬರುತ್ತದೆ, ಕೋಟಿಗೆ ಕಲೆಯಿಲ್ಲ. ಕನ್ನಡಿ ಮುಂದೆ ಅವನು ಎಡಗೈಯಿಂದ ಆ ಜಾಗ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ತೋಳು ಅರ್ಧ ಇಂಚು ಕಡಿಮೆ ಮಾಡಬೇಕು, ಬುಧವಾರ ಸಂಜೆ ಬಾ ಅಂದಿದ್ದೇನೆ.