ಎಲ್ ಯಾವ್ದು, ಒಂದು ಯಾವ್ದು

ಇವತ್ತು ಒಂದ್ಕಡೆ ಪಾಸ್‌ವರ್ಡ್ ಪ್ರಿಂಟ್ ಮಾಡಿ ಕೊಟ್ಟಿದ್ರು, ಮೂರು ಸಲ ಹೊಡೆದ್ರೂ ತಪ್ಪು ತಪ್ಪು ಅಂತಾನೇ ಬರ್ತಾ ಇತ್ತು, ಕೊನೆಗೆ ನೋಡಿದ್ರೆ ನಾನು ಸಣ್ಣ ಎಲ್ ಅನ್ಕೊಂಡಿದ್ದು ದೊಡ್ಡ ಐ! ಮನೆಗೆ ಬಂದು ಅದೇ ಅಕ್ಷರಗಳನ್ನ ವರ್ಡಾನಾ ಫಾಂಟಲ್ಲಿ ಹೊಡೆದು ದೊಡ್ಡದು ಮಾಡಿ ನೋಡ್ದೆ. ಐಗೆ ಮೇಲೆ ಕೆಳಗೆ ಅಡ್ಡಗೆರೆ, ಒಂದಕ್ಕೆ ಮೂಗೂ ಇದೆ ಪೀಠಾನೂ ಇದೆ, ಎಲ್ ಮಾತ್ರ ಬರೀ ಕಡ್ಡಿ. ಗೊಂದಲಕ್ಕೆ ಜಾಗಾನೇ ಇಲ್ಲ.

1996ರಲ್ಲಿ ಮೈಕ್ರೋಸಾಫ್ಟ್ ಹೊರಗೆ ತಂದಿದ್ದು ಇದನ್ನ, ಬಿಡಿಸಿದವರು ಮ್ಯಾಥ್ಯೂ ಕಾರ್ಟರ್. ಹದಿಹರೆಯದಲ್ಲಿ ಹಾಲೆಂಡಿಗೆ ಹೋಗಿ ಉಕ್ಕಿನ ಮೇಲೆ ಕೈಯಾರೆ ಅಕ್ಷರ ಕೊರೆಯೋದು ಕಲಿತವರು ಅವರು. ಆಗಿನ ಸ್ಕ್ರೀನಲ್ಲಿ ಒಂದು ಅಕ್ಷರಕ್ಕೆ ಸಿಗ್ತಿದ್ದಿದ್ದೇ ನಾಲ್ಕಾರು ಚುಕ್ಕೆ ಅಗಲ, ಅದಕ್ಕೇ ಚಂದದ ಗೆರೆ ಬರ್ದು ಆಮೇಲೆ ಚುಕ್ಕೆಗೆ ಇಳಿಸೋ ಬದ್ಲು ಮೊದ್ಲು ಚುಕ್ಕೆ ಜೋಡಿಸ್ಕೊಂಡು ಅದರ ಸುತ್ತ ಗೆರೆ ಎಳೆದ್ರು. ಆಮೇಲೆ ಟಾಮ್ ರಿಕ್ನರ್ ಕೂತು ಯಾವ ಸೈಜಲ್ಲಿ ಯಾವ ಚುಕ್ಕೆ ಹತ್ಬೇಕು ಅಂತ ಹಿಂಟಿಂಗ್ ಮಾಡಿದ್ರು. ಎಂಥಾ ತಾಳ್ಮೆ ನೋಡಿ.

ಹಾಗೇ ವಿಂಡೋಸ್ ಎಕ್ಸ್‌ಪಿಲಿದ್ದ ನಮ್ಮ ಕನ್ನಡದ ತುಂಗಾ ಫಾಂಟ್ ನೆನಪಾಯ್ತು. ಇಂಗ್ಲಿಷಿನವರಿಗೆ ಅಕ್ಷರಗಳೆಲ್ಲ ಒಂದರ ಪಕ್ಕ ಒಂದು ಕೂತ್ರೆ ಆಯ್ತು, ನಮ್ಗೆ 'ಸ್ತ್ರೀ' ಅಂದ್ರೆ ಸಕಾರ, ಅದರ ಕೆಳಗೆ ತ ಒತ್ತು, ರ ಒತ್ತು, ಗುಡಿಸು, ಪಕ್ಕದಲ್ಲಿ ದೀರ್ಘ, ಇಷ್ಟನ್ನೂ ಅಷ್ಟೇ ಚುಕ್ಕೆಗಳಲ್ಲಿ ಕೂರಿಸ್ಬೇಕು, ಕೆಳಗಿನ ಸಾಲಿಗೆ ತಾಗಬಾರ್ದು ಬೇರೆ. ಅದನ್ನ ಕೂರಿಸಿದವರ ಮೇಲೆ ನಂಗೆ ತುಂಬಾ ಗೌರವ. ಈಗ್ಲೂ ಆ 'ಸ್ತ್ರೀ'ನೇ ಜೂಮ್ ಮಾಡ್ಕೊಂಡು ನೋಡ್ತಾ ಕೂತಿದೀನಿ.